ಹದಿಹರೆಯದ ಸವಾರರಿಗೆ ಎಳೆಯ ಕುದುರೆ ಬೇಡ

“ನಾಲ್ಕು ವರ್ಷದ ಒಳ್ಳೆ ಕುದುರೆ ಸಿಕ್ಕಿದೆ. ಮಗಳ ಜೊತೆ ಅದೂ ಕಲಿಯುತ್ತೆ, ಇಬ್ಬರೂ ಒಟ್ಟಿಗೇ ಬೆಳೀತಾರೆ.” ಸವಾರಿ ಕಲಿಸುವವರ ಕಿವಿಗೆ ಪದೇಪದೇ ಬೀಳುವ ಮಾತಿದು. ಮಕ್ಕಳ ಮೇಲಿನ ಪ್ರೀತಿಯಿಂದ ಆಡುವ ಮಾತಾದ್ದರಿಂದ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೂ ಬೇಡ. ಮೊದಲ ಕುದುರೆಯ ವಿಷಯದಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲಿಗೆ ಈ ಒಂದು ಆಸೆಯೇ ಮೂಲ.

ಕುದುರೆ ಹೇಗೆ ಕಲಿಯುತ್ತದೆ ಎಂದು ನೋಡಿ. ಸವಾರರು ಕಾಲಿನಿಂದ ಪಕ್ಕೆ ಒತ್ತುತ್ತಾರೆ, ಅದು ಹೆಜ್ಜೆ ಮುಂದಿಡುತ್ತದೆ. ಇಟ್ಟ ಕೂಡಲೇ ಕಾಲು ಸಡಿಲಬೇಕು. ಲಗಾಮು ಬಿಗಿಯುತ್ತಾರೆ, ಅದು ನಿಲ್ಲುತ್ತದೆ. ನಿಂತ ಕೂಡಲೇ ಕೈ ಸಡಿಲಬೇಕು. ಒತ್ತಡ ತಪ್ಪಿತಲ್ಲ, ಆ ಕ್ಷಣದಲ್ಲೇ ಕುದುರೆಯ ಪಾಠ. ಕೈ ಒಂದೆರಡು ಸೆಕೆಂಡು ತಡವಾಗಿ ಸಡಿಲವಾದರೂ ಅದು ಬೇರೆ ಏನನ್ನೋ ಕಲಿತಿರುತ್ತದೆ. ಈ ಹದ ಸವಾರರ ಕೈಗೆ ಬರಲು ವರ್ಷಗಳೇ ಬೇಕು.

ಈಗ ಕಲಿಯುತ್ತಿರುವ ಹುಡುಗಿಯನ್ನು ಗಮನಿಸಿ. ಟ್ರಾಟ್‌ನಲ್ಲಿ (ನಡಿಗೆಗಿಂತ ವೇಗದ ಕುಲುಕು ಓಟದಲ್ಲಿ) ಮೈ ಪುಟಿದಾಗ ಹಿಮ್ಮಡಿ ಪಕ್ಕೆಗೆ ಬಡಿಯುತ್ತದೆ, ಬೀಳಬಾರದೆಂದು ಕೈ ಲಗಾಮನ್ನು ಜಗ್ಗುತ್ತದೆ. ‘ಹೋಗು’, ‘ನಿಲ್ಲು’ ಎರಡೂ ಒಟ್ಟಿಗೇ ಬಂದಂತಾಯಿತು. ಪಳಗಿದ ಕುದುರೆ ಇಂಥದ್ದನ್ನು ಎಷ್ಟೋ ಕಂಡಿರುತ್ತದೆ. ವೇಗ ತಗ್ಗಿಸಿ ಅವಳನ್ನು ಸಾವರಿಸಿಕೊಳ್ಳಲು ಬಿಡುತ್ತದೆ. ಎಳೆಯದು ಗಲಿಬಿಲಿಗೊಂಡು ತಲೆ ಎತ್ತುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಓಡುತ್ತದೆ. ಹೆದರಿದ ಹುಡುಗಿ ಮುಂದಕ್ಕೆ ಬಾಗಿ ಕಾಲಿನಿಂದ ಅವಚಿಕೊಳ್ಳುತ್ತಾಳೆ. ಕುದುರೆಗೆ ಅದು ಇನ್ನೂ ಜೋರಾಗಿ ಓಡು ಎಂಬ ಸೂಚನೆ. ಅವಳು ಬಿದ್ದಳೆನ್ನಿ, ಬೆನ್ನಿನ ಮೇಲಿನ ಕಿರುಕುಳವೆಲ್ಲ ಒಮ್ಮೆಗೇ ನಿಂತಿತು. ಜಿಗಿದರೆ ಬಿಡುಗಡೆ ಎಂದು ಕುದುರೆ ಅಂದೇ ಕಲಿತುಬಿಡಬಹುದು. ಹೀಗೆ ನಾಲ್ಕಾರು ಸಲ ಆದಮೇಲೆ ಅದಕ್ಕೆ ‘ತುಂಟ ಕುದುರೆ’ ಎಂಬ ಹೆಸರು ಅಂಟುತ್ತದೆ, ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗುತ್ತದೆ. ಹುಡುಗಿ ಸವಾರಿಯನ್ನೇ ಬಿಡುತ್ತಾಳೆ. ಇಬ್ಬರದೂ ತಪ್ಪಿಲ್ಲ. ನಾಲ್ಕು ವರ್ಷದ ಕುದುರೆಯ ಬೆನ್ನುಮೂಳೆ ಇನ್ನೂ ಬೆಳೆಯುತ್ತಿರುತ್ತದೆ ಎಂಬುದನ್ನೂ ಮರೆಯಬೇಡಿ. ಅದು ಬಲಿಯುವುದು 5–6 ವರ್ಷದ ಹೊತ್ತಿಗೆ.

ಹಾಗಾದರೆ ಎಷ್ಟು ವಯಸ್ಸಿನದು? ನನ್ನ ಮಟ್ಟಿಗೆ 10ರಿಂದ 16 ವರ್ಷದ್ದು. “ಅಷ್ಟೊಂದು ಮುದಿಯೇ?” ಎನ್ನುತ್ತಾರೆ. ಚೆನ್ನಾಗಿ ಸಾಕಿದ ಕುದುರೆ 25 ವರ್ಷ ದಾಟುವುದು ಸಾಮಾನ್ಯ. ಪಶುವೈದ್ಯರು ಒಪ್ಪಿದರೆ 18ರದ್ದನ್ನೂ ಕೊಳ್ಳಬಹುದು. ಮಾರುವವರು ಹೇಳಿದ ವಯಸ್ಸನ್ನೇ ನಂಬಬೇಡಿ, ಬಾಯಿ ತೆರೆಸಿ ನೋಡಿ. ಬಾಚಿಹಲ್ಲುಗಳೆಲ್ಲ ಹಾಲುಹಲ್ಲು ಉದುರಿ ಶಾಶ್ವತವಾಗುವುದು ಸುಮಾರು 5 ವರ್ಷಕ್ಕೆ. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲಿನಲ್ಲಿ ಸುಮಾರು 10ನೇ ವರ್ಷಕ್ಕೆ ಒಸಡಿನ ಬಳಿ ಒಂದು ಕಂದುಗೆರೆ ಮೂಡಿ, 15ರ ಹೊತ್ತಿಗೆ ಅರ್ಧಕ್ಕೆ, 20ರ ಹೊತ್ತಿಗೆ ಹಲ್ಲಿನ ತುದಿಗೆ ಇಳಿಯುತ್ತದೆ. ಇದು ಅಂದಾಜು ಮಾತ್ರ, ಕುದುರೆಯಿಂದ ಕುದುರೆಗೆ ವ್ಯತ್ಯಾಸ ಇದ್ದೇ ಇರುತ್ತದೆ.

ಬೀಜ ಒಡೆಯದ ಗಂಡು ಕುದುರೆ ಮಕ್ಕಳಿಗೆ ಖಂಡಿತ ಬೇಡ. ಬೀಜ ಒಡೆದದ್ದೋ ಹೆಣ್ಣೋ ಎಂಬುದಕ್ಕಿಂತ ಸ್ವಭಾವ ಮುಖ್ಯ. ರೇಸ್ ಬಿಟ್ಟ ಕುದುರೆ ಅಗ್ಗವಾಗಿ ಸಿಗುತ್ತದೆ, ನೋಡಲು ಚೆಂದ, ಆಸೆ ಹುಟ್ಟುವುದು ಸಹಜ. ಆದರೆ ಲಗಾಮು ಬಿಗಿದಷ್ಟೂ ಆ ಬಿಗಿತಕ್ಕೆ ಆತುಕೊಂಡು ಓಡುವುದು ಅದಕ್ಕೆ ಆಗಿರುವ ಅಭ್ಯಾಸ. ನಿಲ್ಲಿಸಲೆಂದು ಜಗ್ಗುವ ಮಗುವಿನ ಕೈಗೆ ಅದು ಹೊಂದುವುದಿಲ್ಲ. ನುರಿತವರು ಮರುತರಬೇತಿ ಕೊಟ್ಟ ಮೇಲಿನ ಮಾತು ಬೇರೆ.

ತೂಕದ ಲೆಕ್ಕ ಸುಲಭ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 20 ಶೇಕಡ ಮೀರಬಾರದು, 15ರ ಒಳಗಿದ್ದರೆ ಇನ್ನೂ ಒಳ್ಳೆಯದು. 400 ಕಿಲೋ ಕುದುರೆಗೆ 60 ಕಿಲೋ ಆರಾಮದ ಹೊರೆ. ಮಗ ಇನ್ನೂ ಬೆಳೆಯುತ್ತಾನೆಂದು ತುಂಬ ಎತ್ತರದ್ದನ್ನು ತರಬೇಡಿ.

ನೋಡಲು ಹೋದಾಗ ಹೇಳಿದ ಸಮಯಕ್ಕಿಂತ ಸ್ವಲ್ಪ ಮೊದಲೇ ತಲುಪಿ. ಜೀನು ಬಿಗಿದು ಸಿದ್ಧವಾಗಿ ನಿಲ್ಲಿಸಿದ್ದರೆ ಅದನ್ನು ಬಿಚ್ಚಿಸಿ. ಎದೆ, ತೊಡೆಸಂದು, ಜೀನಿನ ಅಡಿ ಕೈಯಾಡಿಸಿ. ಬೆವರಿನ ಗುರುತಿದ್ದರೆ ನೀವು ಬರುವ ಮೊದಲೇ ಓಡಿಸಿ ದಣಿಸಿದ್ದಾರೆಯೇ ಎಂದು ಕೇಳಿ. ಬಯಲಿನಲ್ಲಿ ಹಿಡಿಯುವುದು, ನಾಲ್ಕೂ ಗೊರಸು ಎತ್ತುವುದು, ಹೊಟ್ಟೆಪಟ್ಟಿ ಬಿಗಿಯುವುದು, ಎಲ್ಲ ನಿಮ್ಮ ಕಣ್ಣೆದುರೇ ನಡೆಯಲಿ. ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೊತ್ತಿ ಕಚ್ಚಲು ಬಂದರೆ ಅದು ಬರೀ ಸಿಟ್ಟೆಂದು ತಳ್ಳಿಹಾಕಬೇಡಿ. ಬೆನ್ನುನೋವೋ ಹೊಟ್ಟೆಹುಣ್ಣೋ ಇರಬಹುದು. ಮೊದಲು ಮಾಲೀಕರೇ ಹತ್ತಲಿ. ಅವರು ಹತ್ತಲು ಒಪ್ಪದಿದ್ದರೆ ಮಗುವನ್ನು ಹತ್ತಿಸದೆ ವಾಪಸ್ ಬನ್ನಿ. ಅವರ ನಂತರ ಕಲಿಸುವ ಗುರು, ಕೊನೆಗೆ ಮಗು. ಹತ್ತುವಾಗ ಅಲುಗದೆ ನಿಲ್ಲುತ್ತದೆಯೇ? ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಗೇಟು ದಾಟುತ್ತದೆಯೇ? ವಾಹನ ಹಾದುಹೋದರೆ ಏನು ಮಾಡುತ್ತದೆ? ಇಷ್ಟು ಒಂದೇ ದಿನದಲ್ಲಿ ತಿಳಿಯದು. ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಹೋಗಿ ನೋಡಿ.

ಮಾರುವವರಿಗೆ ಸಂಬಂಧವಿಲ್ಲದ ಪಶುವೈದ್ಯರಿಂದ ತಪಾಸಣೆ ಆಗದೆ ಹಣ ಕೊಡಬೇಡಿ. ಕಣ್ಣು, ಹೃದಯ, ಶ್ವಾಸ, ಹಲ್ಲು ನೋಡಿ, ಒಂದೊಂದೇ ಕಾಲನ್ನು ಸುಮಾರು ಒಂದು ನಿಮಿಷ ಮಡಚಿ ಹಿಡಿದು ತಕ್ಷಣ ಟ್ರಾಟ್ ಮಾಡಿಸುತ್ತಾರೆ. ಅಡಗಿದ ಕುಂಟು ಆಗ ಹೊರಬೀಳಬಹುದು. ರಕ್ತದ ಮಾದರಿಯನ್ನೂ ತೆಗೆಸಿ ಇಡಿಸಿ. ನೋವಿನ ಔಷಧಿ ಕುಂಟನ್ನೂ, ಮಂಪರಿನ ಔಷಧಿ ಚುರುಕನ್ನೂ ಒಂದು ದಿನದ ಮಟ್ಟಿಗೆ ಮುಚ್ಚಿಬಿಡುತ್ತವೆ. ತಪಾಸಣೆ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ಮುಂದಿನದಕ್ಕೆ ಯಾರೂ ಖಾತರಿ ಕೊಡಲಾರರು.

ಮನೆಗೆ ತಂದಮೇಲೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ಯಾವ ಕಡಿವಾಣ, ಯಾವ ಜೀನು, ದಿನಕ್ಕೆ ಎಷ್ಟು ಸವಾರಿ, ಏನು ತಿನ್ನಿಸುತ್ತಿದ್ದರು ಎಂದು ಹಳೆಯ ಮಾಲೀಕರಿಂದ ಬರೆಸಿಕೊಳ್ಳಿ. ಅವರಲ್ಲಿಂದ 10 ದಿನಕ್ಕಾಗುವಷ್ಟು ಒಣಹುಲ್ಲು ತನ್ನಿ, ದಿನಕ್ಕಿಷ್ಟರಂತೆ ನಿಮ್ಮ ಹುಲ್ಲನ್ನು ಬೆರೆಸುತ್ತಾ ಹೋಗಿ. ಮೇವು ತಟ್ಟನೆ ಬದಲಾದರೆ ಹೊಟ್ಟೆಶೂಲೆ ಬರುವ ಭಯವಿದೆ. ಧಾನ್ಯ ಹೆಚ್ಚಿಸಿ ಸವಾರಿ ಕಡಿಮೆ ಮಾಡಿದರೆ ಎಂಥ ಸಾಧು ಕುದುರೆಯೂ ಕುಣಿಯುತ್ತದೆ. ಮೊದಲ ಕೆಲವು ತಿಂಗಳು ಮಗುವಿನ ಪಾಠ ಅದೇ ಗುರುವಿನ ಬಳಿ, ಈ ಕುದುರೆಯ ಮೇಲೆಯೇ ಮುಂದುವರಿಯಲಿ.