ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ನಿಜವಾಗಿಯೂ ಲಕ್ಷ ಸಿಗುತ್ತದೆಯೇ?

ಪ್ರಶ್ನೆ: ಸಂತೆಯಲ್ಲಿ ಚಿಲ್ಲರೆ ಪಡೆಯುವಾಗ ಹಿಂಬದಿಯಲ್ಲಿ ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ ಐದು ರೂಪಾಯಿಯ ನೋಟೊಂದು ಬಂದಿದೆ. ಅದರ ಸಂಖ್ಯೆಯಲ್ಲಿ 786 ಕೂಡ ಇದೆ. ಇಂಥ ನೋಟಿಗೆ ಲಕ್ಷಗಟ್ಟಲೆ ಬೆಲೆ ಎಂದು ಮೊಬೈಲಿನಲ್ಲಿ ನೋಡಿದೆ. ಇಟ್ಟುಕೊಳ್ಳಲೇ, ಖರ್ಚು ಮಾಡಲೇ, ಸಾರ್?

ಉತ್ತರ: ಈ ಪ್ರಶ್ನೆ ಹಾಸನದ ಸಂತೆಪೇಟೆಯಿಂದಲೂ ಬಂದಿದೆ, ಮೂಡಿಗೆರೆಯ ಕಾಫಿ ತೋಟಗಳ ಲೈನ್ ಮನೆಗಳಿಂದಲೂ ಬಂದಿದೆ. ಕೇಳುವವರು ಬದಲಾದಂತೆ ಲಕ್ಷಗಳ ಲೆಕ್ಕವಷ್ಟೇ ಏರುತ್ತಾ ಹೋಗುತ್ತದೆ. ಬಿಡಿಬಿಡಿಯಾಗಿ ಎಷ್ಟು ಸಲ ಹೇಳಿದರೂ ಮುಂದಿನ ವಾರ ಅದೇ ಪ್ರಶ್ನೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ. ಮೊದಲು ನೇರ ಉತ್ತರ: ನಿಮ್ಮ ಕೈಯಲ್ಲಿರುವ ನೋಟಿನ ಬೆಲೆ ಐದು ರೂಪಾಯಿ. ಅದು ಇಂದಿಗೂ ಕಾನೂನುಬದ್ಧ ಹಣವೇ ಆಗಿರುವುದರಿಂದ ಖರ್ಚು ಮಾಡಬಹುದು. ಚಿತ್ರ ಇಷ್ಟವಾಗಿದ್ದರೆ ಇಟ್ಟುಕೊಳ್ಳಲೂಬಹುದು. ಲಕ್ಷದ ಆಸೆಯಿಂದ ಮಾತ್ರ ಇಟ್ಟುಕೊಳ್ಳಬೇಡಿ.

ಟ್ರ್ಯಾಕ್ಟರಿನ ವಿಷಯ ತೆಗೆದುಕೊಳ್ಳೋಣ. ಹೊಲ ಉಳುವ ರೈತನ ಈ ಚಿತ್ರ ಎಪ್ಪತ್ತರ ದಶಕದಿಂದ ಐದು ರೂಪಾಯಿ ನೋಟಿನ ಹಿಂಬದಿಯಲ್ಲಿದೆ. 1996ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ಸರಣಿಯಲ್ಲಿ ಮುಂಬದಿ ಪೂರ್ತಿಯಾಗಿ ಬದಲಾದರೂ, ಆ ಸರಣಿಯ ಐದರ ನೋಟಿನ ಹಿಂಬದಿಯಲ್ಲಿ ಟ್ರ್ಯಾಕ್ಟರ್ ಹಾಗೆಯೇ ಉಳಿಯಿತು. ದಶಕಗಳ ಕಾಲ ಇಡೀ ದೇಶದ ಚಿಲ್ಲರೆ ವ್ಯವಹಾರಕ್ಕಾಗಿ ಅಚ್ಚಾದ ನೋಟಿನಲ್ಲಿ ಇರಲೇಬೇಕಾದ ಚಿತ್ರವೊಂದು ಅಪರೂಪದ ಗುರುತಾಗುವುದು ಹೇಗೆ?

786ರ ಲೆಕ್ಕವನ್ನು ಯಾರಾದರೂ ಮನೆಯಲ್ಲೇ ಮಾಡಬಹುದು. ನೋಟಿನ ಸಂಖ್ಯೆಯಲ್ಲಿ ಅಕ್ಷರಗಳ ನಂತರ ಸಾಮಾನ್ಯವಾಗಿ ಆರು ಅಂಕಿಗಳಿರುತ್ತವೆ. ಕ್ರಮವಾಗಿ ಜೋಡಿಸಿದ ಯಾವುದೇ ಸಾವಿರ ನೋಟುಗಳನ್ನು ತೆಗೆದುಕೊಂಡರೂ 786ರಿಂದ ಕೊನೆಯಾಗುವ ಒಂದು ನೋಟು ಅದರಲ್ಲಿ ಇದ್ದೇ ಇರುತ್ತದೆ. ಕೊನೆಯಲ್ಲೇ ಬರಬೇಕೆಂದಿಲ್ಲ, ನಡುವೆ ಎಲ್ಲಾದರೂ ಬಂದರೆ ಸಾಕು ಎನ್ನುವುದಾದರೆ ಹತ್ತು ಲಕ್ಷ ಸಂಖ್ಯೆಗಳಲ್ಲಿ 3,999 ಸಂಖ್ಯೆಗಳು ಸಿಗುತ್ತವೆ. ಅಂದರೆ ಸುಮಾರು 250 ನೋಟುಗಳಿಗೆ ಒಂದು. ಸಾಧಾರಣ ದೊಡ್ಡ ತೋಟವೊಂದರ ಶನಿವಾರದ ಬಟವಾಡೆಯ ಹಣದಲ್ಲಿಯೇ ಅಂಥ ಒಂದೆರಡು ನೋಟುಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಈ ಸಂಖ್ಯೆಯನ್ನು ಪವಿತ್ರವೆಂದು ಭಾವಿಸಿ ನೋಟನ್ನು ತೆಗೆದಿಡುವವರಿದ್ದಾರೆ, ಆ ಭಾವನೆ ಗೌರವಕ್ಕೆ ಅರ್ಹವಾದದ್ದು. ಗರಿಗರಿಯಾದ 786ರ ನೋಟಿಗೆ ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಕೊಡುವವರೂ ಇದ್ದಾರೆ. ಆದರೆ ಆ ಸ್ವಲ್ಪಕ್ಕೂ ಲಕ್ಷಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಮೊಬೈಲಿನಲ್ಲಿ ಕಂಡ ಬೆಲೆ ಸುಳ್ಳೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅಲ್ಲಿ ಕಾಣುವುದು ಮಾರುವವನು ಬರೆದುಕೊಂಡ ಬೆಲೆ. ಐದರ ನೋಟಿನ ಪಕ್ಕದಲ್ಲಿ ಐದು ಲಕ್ಷವೆಂದು ಬರೆಯಲು ಯಾರಿಗೂ ಖರ್ಚಿಲ್ಲ. ಆ ಬೆಲೆಗೆ ಯಾರಾದರೂ ಕೊಂಡಿದ್ದಾರೆಯೇ ಎಂಬುದೊಂದೇ ಕೇಳಬೇಕಾದ ಮಾತು. ಇನ್ನು ಕೊಳ್ಳುತ್ತೇವೆ ಎಂದು ಜಾಹೀರಾತು ಕೊಡುವವರ ಕ್ರಮ ಎಲ್ಲ ಕಡೆಯೂ ಒಂದೇ. ವಾಟ್ಸಾಪಿನಲ್ಲಿ ನೋಟಿನ ಫೋಟೊ ತರಿಸಿಕೊಂಡು, ನೋಡಿದ ಕೂಡಲೇ ಒಪ್ಪಿ, ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಪತ್ರವೊಂದನ್ನು ಕಳುಹಿಸಿ, ನೋಂದಣಿ ಶುಲ್ಕವೆಂದು ಕೆಲವು ನೂರು ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಅದರ ಹಿಂದೆಯೇ ಜಿಎಸ್‌ಟಿ ಎಂದು ಕೆಲವು ಸಾವಿರ, ವಿಮೆ ಎಂದು ಇನ್ನಷ್ಟು. ಐದು ಲಕ್ಷ ಕೊಡಲು ಸಿದ್ಧನಿರುವ ಮನುಷ್ಯ ತನ್ನ ಶುಲ್ಕವನ್ನು ಆ ಐದು ಲಕ್ಷದಲ್ಲಿಯೇ ಹಿಡಿದುಕೊಂಡು ಉಳಿದದ್ದನ್ನು ಏಕೆ ಕೊಡುವುದಿಲ್ಲ? ಈ ಒಂದು ಪ್ರಶ್ನೆಯನ್ನು ಅವರಿಗೇ ಕೇಳಿ ನೋಡಿ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರವನ್ನು ತಾನು ನಡೆಸುವುದಿಲ್ಲ, ಅದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲ, ತನ್ನ ಪರವಾಗಿ ಕೇಳುವ ಅಧಿಕಾರವನ್ನೂ ಯಾರಿಗೂ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ. ಈಗಾಗಲೇ ಹಣ ಕಟ್ಟಿದ್ದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಇಷ್ಟು ಹೇಳಿದ ಮಾತ್ರಕ್ಕೆ ಚಿಲ್ಲರೆಯಲ್ಲಿ ಬಂದ ಯಾವ ನೋಟಿಗೂ ಬೆಲೆಯಿಲ್ಲ ಎಂದು ತಿಳಿಯಬೇಡಿ. ನೋಡಬೇಕಾದ ಜಾಗಗಳು ಬೇರೆ. ಮೊದಲು ಸಹಿಯನ್ನು ನೋಡಿ. 1985ರ ಜನವರಿ 15ರಿಂದ ಫೆಬ್ರವರಿ 4ರವರೆಗೆ ಮಾತ್ರ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಎ. ಘೋಷ್ ಅವರ ಸಹಿಯಿರುವ ಹತ್ತು ರೂಪಾಯಿ ನೋಟು, ಆ ಕಾಲದ ಬೇರೆ ಹತ್ತರ ನೋಟುಗಳಿಗಿಂತ ವಿರಳ. ಒಂದು ರೂಪಾಯಿಯ ನೋಟಿನಲ್ಲಿ ಗವರ್ನರ್ ಸಹಿಯೇ ಇರುವುದಿಲ್ಲ. ಅದನ್ನು ಭಾರತ ಸರ್ಕಾರ ಹೊರಡಿಸುವುದರಿಂದ ಹಣಕಾಸು ಕಾರ್ಯದರ್ಶಿಯವರ ಸಹಿಯಿರುತ್ತದೆ. ಆದ್ದರಿಂದ ಡಾ. ಮನಮೋಹನ್ ಸಿಂಗ್ ಅವರ ಸಹಿ ಎಪ್ಪತ್ತರ ದಶಕದ ಒಂದು ರೂಪಾಯಿ ನೋಟಿನಲ್ಲಿ ಕಾರ್ಯದರ್ಶಿಯಾಗಿಯೂ, ಎಂಬತ್ತರ ದಶಕದ ದೊಡ್ಡ ನೋಟುಗಳಲ್ಲಿ ಗವರ್ನರ್ ಆಗಿಯೂ ಕಾಣಸಿಗುತ್ತದೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸುವ ಸಂತೋಷವೇ ಬೇರೆ. 1969ರಲ್ಲಿ ಗಾಂಧಿ ಜನ್ಮಶತಾಬ್ದಿಗೆಂದು ಬಂದ, ಸೇವಾಗ್ರಾಮದ ಹಿನ್ನೆಲೆಯಲ್ಲಿ ಗಾಂಧೀಜಿ ಕುಳಿತಿರುವ ನೋಟುಗಳು ಎದುರಾದರೆ ಖಂಡಿತ ತೆಗೆದಿಡಿ.

ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಅದು ಖೋಟಾ ನೋಟು ಎಂದು ಹೆದರುವವರೂ ಇದ್ದಾರೆ, ನಿಧಿ ಎಂದು ಕುಣಿಯುವವರೂ ಇದ್ದಾರೆ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟು ಅದು, ಅಷ್ಟೇ. ಹಿಂಬದಿಯಲ್ಲಿ ಮುದ್ರಣದ ವರ್ಷವಿಲ್ಲದಿದ್ದರೆ ಸಾಮಾನ್ಯವಾಗಿ 2005ಕ್ಕಿಂತ ಹಿಂದಿನದು ಎಂದರ್ಥ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೋಟಿನ ಸ್ಥಿತಿ, ಮತ್ತು ಓದುಗರು ಒಪ್ಪಲು ಹಿಂಜರಿಯುವುದೂ ಇದನ್ನೇ. ಸಂಗ್ರಾಹಕರು ಬೆಲೆ ಕೊಡುವುದು ಮಡಿಕೆ ಬೀಳದ, ಮೂಲೆ ಸವೆಯದ, ಬ್ಯಾಂಕಿನ ಪಿನ್ನಿನ ತೂತೂ ಇಲ್ಲದ ನೋಟಿಗೆ. ನೋಟಿನ ಕಂತೆಗೆ ಪಿನ್ ಹೊಡೆಯಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟುನಿಟ್ಟಾಗಿ ಸೂಚಿಸಿದ್ದು 2001ರಲ್ಲಿ. ಅದಕ್ಕೂ ಹಿಂದಿನ ನೋಟು ತೂತಿಲ್ಲದೆ ಸಿಕ್ಕರೆ ಅದೇ ಒಂದು ವಿಶೇಷ. ಬಸ್ ಕಂಡಕ್ಟರ ಚೀಲ, ಮೀನಿನ ಅಂಗಡಿಯ ಗಲ್ಲಾ, ಆಳುಗಳ ಸೊಂಟದ ಗಂಟು, ದೇವಸ್ಥಾನದ ಹುಂಡಿ ಎಲ್ಲವನ್ನೂ ಸುತ್ತಿ ಬಂದ ನೋಟಿನಲ್ಲಿ ಈ ಗುಣ ಉಳಿದಿರುವುದಿಲ್ಲ. ಬಹು ವಿರಳವಾದ ನೋಟಾದರೆ ಸವೆದಿದ್ದರೂ ನಡೆಯುತ್ತದೆ. ಸಾಮಾನ್ಯ ನೋಟು ಸವೆದರೆ ಮುಖಬೆಲೆಗೇ ನಿಲ್ಲುತ್ತದೆ.

ಅಜ್ಜನ ಪೆಟ್ಟಿಗೆಯಲ್ಲಿ 2016ರ ನವೆಂಬರ್ 8ರಂದು ರದ್ದಾದ 500, 1000ದ ನೋಟುಗಳು ಸಿಕ್ಕಿದವರಿಗೂ ಒಂದು ಮಾತು. 2017ರ ಕಾನೂನಿನ ಪ್ರಕಾರ ಅಂಥ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹದ ಉದ್ದೇಶಕ್ಕೆ ಇಪ್ಪತ್ತೈದರವರೆಗೆ ಅವಕಾಶವಿದೆ. ನೆನಪಿಗೆಂದು ಒಂದೆರಡು ಸಾಕು.

ಯಾರೂ ಕೇಳದಿದ್ದರೂ ನಾನು ಹೇಳಲೇಬೇಕಾದದ್ದು, ಇಟ್ಟುಕೊಂಡ ನೋಟನ್ನು ನಮ್ಮ ಕಡೆಯ ಮಳೆಗಾಲದಲ್ಲಿ ಕಾಪಾಡುವುದು ಹೇಗೆ ಎಂಬುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮನೆಗಳಲ್ಲಿ ಜೂನ್ ತಿಂಗಳಿನಿಂದ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ನಮ್ಮ ನೋಟಿನ ಕಾಗದ ಪೂರ್ತಿ ಹತ್ತಿಯದು, ತೇವವನ್ನು ಹೀರುತ್ತದೆ. ಆ ಭಯಕ್ಕೆ ಹಲವರು ನೋಟಿಗೆ ಲ್ಯಾಮಿನೇಷನ್ ಮಾಡಿಸುತ್ತಾರೆ. ದಯವಿಟ್ಟು ಮಾಡಿಸಬೇಡಿ, ಆ ಬಿಸಿಯೂ ಅಂಟೂ ಸೇರಿ ನೋಟಿನ ಸಂಗ್ರಹ ಮೌಲ್ಯ ಅಲ್ಲಿಗೇ ಮುಗಿಯುತ್ತದೆ. ಪಿವಿಸಿಯ ಅಗ್ಗದ ಕವರುಗಳು ಕಾಲಕ್ರಮದಲ್ಲಿ ಅಂಟಂಟಾಗಿ ಶಾಯಿಯನ್ನು ಕೆಡಿಸುತ್ತವೆ. ಸಂಗ್ರಾಹಕರು ಬಳಸುವ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ನೋಟನ್ನು ಮಡಿಸದೆ ಇರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಮಳೆ ಹೊಳವಾದ ದಿನ ಒಮ್ಮೆ ತೆರೆದು ನೋಡಿ. ಕೊಳೆಯಿದೆಯೆಂದು ತೊಳೆಯುವುದು, ಮಡಿಕೆಯಿದೆಯೆಂದು ಇಸ್ತ್ರಿ ಹಾಕುವುದು ಬೇಡ. ಹರಿದಲ್ಲಿ ಸೆಲೋಟೇಪ್ ಹಚ್ಚುವುದಂತೂ ಬೇಡವೇ ಬೇಡ. ಸಂಗ್ರಹಯೋಗ್ಯವಲ್ಲದ ಸಾಮಾನ್ಯ ನೋಟು ಹರಿದಿದ್ದರೆ ಅದನ್ನು ಹಾಗೆಯೇ ಹತ್ತಿರದ ಬ್ಯಾಂಕ್ ಶಾಖೆಗೆ ಕೊಂಡೊಯ್ಯಿರಿ. ರಿಸರ್ವ್ ಬ್ಯಾಂಕಿನ 2009ರ ನೋಟು ಮರುಪಾವತಿ ನಿಯಮಗಳಂತೆ, ಉಳಿದಿರುವ ಭಾಗದ ಅಳತೆ ನೋಡಿ ಬದಲಿಸಿಕೊಡುತ್ತಾರೆ.