ಕಂಪ್ಯೂಟರ್ ಲ್ಯಾಬಿನಿಂದ ಫ್ಯಾಮಿಲಿ ಗ್ರೂಪಿನವರೆಗೆ

ಸುಳ್ಳು ಸುದ್ದಿ ತಡೆಗೆ ರಾಜ್ಯ ಸರ್ಕಾರ 2025ರಲ್ಲಿ ಕರಡು ಮಸೂದೆ ತಂದಾಗ ಚರ್ಚೆಯೆಲ್ಲ ಜೈಲು, ದಂಡದ ಬಗ್ಗೆಯೇ ನಡೆಯಿತು. ಸುಳ್ಳನ್ನು ಗುರುತಿಸುವುದನ್ನು ಮಕ್ಕಳಿಗೆ ಯಾರು, ಯಾವ ಪೀರಿಯಡ್‌ನಲ್ಲಿ ಕಲಿಸಬೇಕು ಎಂದು ಕೇಳಿದವರು ಕಡಿಮೆ. ಪ್ರಶ್ನೆಯೇನೋ ಹಳೆಯದು. ಶಾಲೆಯಲ್ಲಿ ಮಾಧ್ಯಮ ಶಿಕ್ಷಣ, ಅಂದರೆ ಮಾಧ್ಯಮದಲ್ಲಿ ಬಂದದ್ದನ್ನು ಪ್ರಶ್ನಿಸಿ ನೋಡುವ ಪಾಠ ಬೇಕು ಎಂದು ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆಯಾದ ಯುನೆಸ್ಕೊದ ಸಭೆಯೊಂದು ಜರ್ಮನಿಯಲ್ಲಿ ಘೋಷಿಸಿದ್ದು 1982ರಲ್ಲಿ. ನಮ್ಮಲ್ಲಿ ಅಂಥ ಪಾಠ ಹಾಗಿರಲಿ, ಆಮೇಲಿನ ಎರಡು ದಶಕ ಕಂಪ್ಯೂಟರ್ ಎಂದರೇ ಕೆಲವೇ ಶಾಲೆಗಳ ಭಾಗ್ಯ.

ಸರ್ಕಾರಿ ಹೈಸ್ಕೂಲುಗಳಿಗೆ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ‘ಮಾಹಿತಿ ಸಿಂಧು’ ಯೋಜನೆಯಿಂದ, ರಾಜ್ಯದ 1,000 ಶಾಲೆಗಳಿಗೆ. ಅದರ ಹಿಂದೆಯೇ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ. ಗದಗ, ಹಾವೇರಿ ಕಡೆ ಓದಿದವರಿಗೆ ಆ ಲ್ಯಾಬ್ ನೆನಪಿರಬೇಕು. ಬಾಗಿಲಾಚೆ ಸಾಲು ಚಪ್ಪಲಿ, ಒಳಗೆ ಬಟ್ಟೆ ಹೊದಿಸಿದ ಮಾನಿಟರ್. ಒಂದು ಕೀಬೋರ್ಡಿಗೆ ನಾಲ್ಕೈದು ಮಕ್ಕಳು, ಮೌಸ್ ಮಾತ್ರ ಗಟ್ಟಿಗನೊಬ್ಬನ ಕೈಯಲ್ಲೇ. ಪೇಂಟ್‌ನಲ್ಲಿ ಒಂದು ಮನೆ ಬಿಡಿಸುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಕಲಿಸುತ್ತಿದ್ದವರು ಕಂಪನಿ ಕಳಿಸಿದ ಗುತ್ತಿಗೆ ಶಿಕ್ಷಕರು. ಐದು ವರ್ಷದ ಗುತ್ತಿಗೆ ಮುಗಿಯಿತು, ಅವರು ಹೋದರು. ಯುಪಿಎಸ್ ಬ್ಯಾಟರಿ ಕೆಟ್ಟಿತು, ಬಹಳ ಕಡೆ ಬೀಗವೂ ಬಿತ್ತು. ಕೇಳುತ್ತಿದ್ದ ಪ್ರಶ್ನೆ ‘ಸಿಪಿಯು ಎಂದರೇನು?’ ಪರದೆ ಮೇಲೆ ಬಂದದ್ದು ನಿಜವೇ ಎಂದು ಕೇಳುವ ಪಾಠ ಅದರಲ್ಲಿ ಇರಲಿಲ್ಲ. ಆ ಮಕ್ಕಳೇ ಈಗ ಫ್ಯಾಮಿಲಿ ಗ್ರೂಪಿನ ಅಡ್ಮಿನ್‌ಗಳು.

2016ರಲ್ಲಿ ಡೇಟಾ ಅಗ್ಗವಾಯಿತು. ಮರುವರ್ಷ ಕೇಂದ್ರ ಸರ್ಕಾರ 6 ಕೋಟಿ ಗ್ರಾಮೀಣ ಮನೆಗಳಿಗೆ ಡಿಜಿಟಲ್ ಸಾಕ್ಷರತೆಯ ಗುರಿ ಇಟ್ಟಿತು. ಇಪ್ಪತ್ತು ಗಂಟೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್. ಇಮೇಲ್, ಹಣ ಕಳಿಸುವುದು ಎಲ್ಲ ಇತ್ತು. ಅಷ್ಟರಲ್ಲೇ ಮಕ್ಕಳ ಕಳ್ಳರ ವದಂತಿ ಹಬ್ಬಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಕಲ್ಲುತೂರಾಟಕ್ಕೆ ಕಿಡಿ ಹೊತ್ತಿಸಿದ್ದು ಒಂದು ವಾಟ್ಸ್‌ಆ್ಯಪ್ ಸ್ಟೇಟಸ್.

ಪ್ರತಿ ಸಲವೂ ಮದ್ದು ಒಂದೇ: ನಲ್ಲಿ ಬಂದ್ ಮಾಡುವುದು. 2012ರಲ್ಲಿ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರು ಬಿಟ್ಟಾಗ ಒಮ್ಮೆಗೆ ಐದೇ ಎಸ್‌ಎಂಎಸ್ ಎಂದು ಕೇಂದ್ರ ಸರ್ಕಾರ ಹೇಳಿತು. 2018ರಲ್ಲಿ ವಾಟ್ಸ್‌ಆ್ಯಪ್ ಐದೇ ಫಾರ್ವರ್ಡ್ ಎಂದಿತು. ಎರಡು ಸಲವೂ ಐದೇ ಯಾಕೋ! ಅದೇ ವರ್ಷ ಪಕ್ಕದ ಕೇರಳದ ಕಣ್ಣೂರಿನಲ್ಲಿ ಜಿಲ್ಲಾಡಳಿತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಪತ್ತೆಯ ಪಾಠ ನಡೆಸಿತು. ಮಾಡಬೇಕು ಅಂದರೆ ಆಗುತ್ತದೆ, ಅಲ್ವಾ?

ಕಲಿಸುವುದು ಏನನ್ನು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇತಿಹಾಸ ಪಂಡಿತರನ್ನೂ ಫ್ಯಾಕ್ಟ್‌ಚೆಕ್ (ಸುದ್ದಿ ನಿಜವೇ ಎಂಬ ಪರಿಶೀಲನೆ) ಮಾಡುವವರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಪಂಡಿತರು ಕೊಟ್ಟ ವೆಬ್ ಪುಟವನ್ನೇ ಓದುತ್ತ ಕೂತು ಎಷ್ಟೋ ಸಲ ಮೋಸಹೋದರು. ಫ್ಯಾಕ್ಟ್‌ಚೆಕ್‌ನವರು ತಕ್ಷಣ ಪುಟದಿಂದ ಹೊರಬಂದು ಬೇರೆಯವರು ಏನನ್ನುತ್ತಾರೆ ಎಂದು ಹುಡುಕಿದರು. ನವಿಲುತೀರ್ಥ ಡ್ಯಾಂ ಒಡೆದಿದೆ ಎಂದು ನರಗುಂದದ ಹುಡುಗಿಗೆ ಒಂದು ವಿಡಿಯೊ ಬಂತು ಅನ್ನಿ. ಅದನ್ನೇ ಮತ್ತೆ ಮತ್ತೆ ನೋಡಿದರೆ ಭಯ ಜಾಸ್ತಿ ಆಗುತ್ತದೆ, ಅಷ್ಟೇ. ಅದರಲ್ಲಿ ಕಾಣುವ ಬೋರ್ಡಿನ ಭಾಷೆ ಯಾವುದು, ಗಾಡಿ ನಂಬರ್ ಎಲ್ಲಿಯದು, ಜಿಲ್ಲಾಡಳಿತ ಏನು ಹೇಳಿದೆ ಎಂದು ನೋಡಿದರೆ ಹತ್ತು ನಿಮಿಷದ ಕೆಲಸ.

ಯುನೆಸ್ಕೊ 2011ರಲ್ಲೇ ಇದನ್ನು ಕಲಿಸುವ ಶಿಕ್ಷಕರಿಗಾಗಿ ಪಠ್ಯಕ್ರಮ ಕೊಟ್ಟಿತು, 2021ರಲ್ಲಿ ಪರಿಷ್ಕರಿಸಿತು. 2020ರ ಶಿಕ್ಷಣ ನೀತಿಯಲ್ಲೂ ಡಿಜಿಟಲ್ ಸಾಕ್ಷರತೆಯ ಮಾತಿದೆ. ವೇಳಾಪಟ್ಟಿಯಲ್ಲಿ ಮಾತ್ರ ಜಾಗ ಸಿಕ್ಕಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರು ಸಿಲೆಬಸ್ ಮುಗಿಸಬೇಕು, ಕಂಪ್ಯೂಟರ್‌ಗೆ ಮೇಷ್ಟ್ರೇ ಇಲ್ಲದ ಶಾಲೆಗಳಿವೆ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿಗೆ ಮಕ್ಕಳ ಜೊತೆ ದೊಡ್ಡವರೂ ಬರುತ್ತಾರೆ, ಜಾಸ್ತಿ ಫಾರ್ವರ್ಡ್ ಮಾಡುವವರೂ ಅವರೇ. ಶುರು ಮಾಡಲು ಶಾಲೆಗಿಂತ ಅದೇ ಸುಲಭದ ಜಾಗ.