ಚೀನೀ ಔಷಧಿಯ ‘ಮುಗ್ವಾ’ ನಮ್ಮ ಪರಂಗಿ ಹಣ್ಣೇ?

ಪ್ರಶ್ನೆ: ಕಾಲು ಸೆಳೆತಕ್ಕೆ, ಮಂಡಿ ನೋವಿಗೆ ಚೀನಾದಲ್ಲಿ ‘ಮುಗ್ವಾ’ ಕೊಡ್ತಾರಂತೆ. ನೆಟ್‌ನಲ್ಲಿ ಹುಡುಕಿದರೆ ಪಪ್ಪಾಯಿ ಅಂತ ಬರುತ್ತೆ. ಹಾಗಾದರೆ ಪಪ್ಪಾಯಿ ತಿಂದರೆ ಸಾಕಲ್ವಾ?

ಉತ್ತರ: ಸಾಲದು. ಹೆಸರು ಒಂದೇ, ಹಣ್ಣು ಬೇರೆ.

ಔಷಧಿಯ ಮುಗ್ವಾ ಸೇಬಿನ ಕುಟುಂಬದ್ದು. ಮುಳ್ಳಿನ ಪೊದೆ, ಕೆಂಪು ಹೂ. ಇಂಗ್ಲಿಷಿನವರು ಫ್ಲವರಿಂಗ್ ಕ್ವಿನ್ಸ್ ಅನ್ನುತ್ತಾರೆ. ಹಣ್ಣು ಕಲ್ಲಿನಂತೆ ಗಟ್ಟಿ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅಮೆರಿಕ ಮೂಲದ ಪಪ್ಪಾಯಿ ಚೀನಾಕ್ಕೆ ಹೋದದ್ದು ಎಷ್ಟೋ ಕಾಲದ ಮೇಲೆ. ಅಲ್ಲಿಯವರು ಅದನ್ನು ‘ಫಾನ್ ಮುಗ್ವಾ’ ಅಂದರು, ಅಂದರೆ ಹೊರದೇಶದ ಮುಗ್ವಾ. ನಾವು ‘ಪರಂಗಿ’ ಹಣ್ಣು ಅಂದ ಹಾಗೇ! ಬರ್ತಾ ಬರ್ತಾ ಬಾಯಿಮಾತಿನಲ್ಲಿ ‘ಫಾನ್’ ಉದುರಿಹೋಯಿತು.

ಔಷಧಿಗೆ ಆನ್‌ಹುಯಿ ಪ್ರಾಂತ್ಯದ ಶುವಾನ್‌ಚೆಂಗ್ ಕಡೆಯ ಹಣ್ಣಿಗೆ ಹೆಸರು ಜಾಸ್ತಿ. ಹಸಿರು ತಿರುಗಿ ಹಳದಿಯಾಗುವ ಹೊತ್ತಿಗೆ ಕಿತ್ತು, ಕುದಿಯುವ ನೀರಿಗೆ ಹಾಕಿ, ಉದ್ದಕ್ಕೆ ಎರಡು ಹೋಳು ಮಾಡಿ ಒಣಗಿಸುತ್ತಾರೆ. ಒಣಗಿದಾಗ ಸಿಪ್ಪೆ ಸುಕ್ಕಾಗಬೇಕು. ನುಣ್ಣಗೆ ಉಳಿದರೆ ಅದು ದಾಯಾದಿ ಜಾತಿಯ ಹಣ್ಣು. ಚೀನಾದ ಅಧಿಕೃತ ಔಷಧಕೋಶದ ಪ್ರಕಾರ ದಿನಕ್ಕೆ ಕೊಡುವ ಅಳತೆ 6ರಿಂದ 9 ಗ್ರಾಂ.

ಅವರ ಲೆಕ್ಕದಲ್ಲಿ ಇದು ಹುಳಿ ರುಚಿಯ, ಉಷ್ಣ ಗುಣದ ಮದ್ದು. ತಂಡಿ, ತೇವ ಸೇರಿ ಹಿಡಿದುಕೊಂಡ ಕೀಲು, ಬಿಗಿದ ಮೀನಖಂಡ, ಊದಿದ ಪಾದ ಇದಕ್ಕೆಲ್ಲ ಕೊಡುತ್ತಾರೆ. ವಾಂತಿ-ಭೇದಿಯ ಜೊತೆ ಬರುವ ಸೆಳೆತಕ್ಕೂ ಕೊಡುತ್ತಿದ್ದರು. ಈಗ ಅದಕ್ಕೆ ಓಆರ್‌ಎಸ್ ಇದೆ, ಅದನ್ನೇ ಕುಡಿಯಿರಿ. ಪಾದದ ಊತಕ್ಕೆ ‘ಕೋಳಿ ಕೂಗುವ ಹೊತ್ತಿನ ಪುಡಿ’ ಎಂಬ ಹಳೇ ಮದ್ದಿನ ಮಿಶ್ರಣ ಇದೆ. ಬೆಳಗಿನ ಜಾವ ಖಾಲಿ ಹೊಟ್ಟೆಗೆ ಕುಡಿಯಬೇಕು. ಅದರಲ್ಲಿ ಮುಗ್ವಾ ಜೊತೆ ಶುಂಠಿ, ಕಿತ್ತಳೆ ಸಿಪ್ಪೆ, ನಮ್ಮ ಮಲೆನಾಡಿನವರಿಗೆ ಚಿರಪರಿಚಿತ ಅಡಿಕೆಯೂ ಬೀಳುತ್ತದೆ!

ನನಗೆ ಇಷ್ಟವಾದದ್ದು ತಾವೊ ಹೊಂಗ್‌ಜಿಂಗ್ ಎಂಬ ವೈದ್ಯ ಸುಮಾರು 1,500 ವರ್ಷದ ಹಿಂದೆ ಬರೆದ ಮಾತು. ಸೆಳೆತ ಬಂದಾಗ ಮುಗ್ವಾ ಹೆಸರು ಕರೆದು, ಸೆಳೆತ ಇರುವ ಜಾಗದ ಮೇಲೆ ಅದರ ಅಕ್ಷರ ಬರೆದರೂ ವಾಸಿಯಾಗುತ್ತದಂತೆ. ಹೀಗೇಕೆ ಅನ್ನುವುದು ಮಾತ್ರ ತಿಳಿಯದು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ, ಅಲ್ವಾ?

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದರ ಸಾರದಿಂದ ಕೀಲಿನ ಊತ ಇಳಿದಿದೆ. ಮನುಷ್ಯರಲ್ಲಿ ಅಂಥ ಗಟ್ಟಿ ಪುರಾವೆ ಇಲ್ಲ. ಹುಳಿ ಜಾಸ್ತಿ ಇರೋದರಿಂದ ಅಸಿಡಿಟಿ ಇರುವವರಿಗೆ ಆಗಿಬರುವುದಿಲ್ಲ. ಮಂಡಿ ನೋವಿಗೆ ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ತರಿಸಿಕೊಳ್ಳಬೇಡಿ.

ಹಾಂ, ಗ್ರಂಥಿಗೆ ಅಂಗಡಿಯ ಬಿಹಿದಾನವೂ ಇದಲ್ಲ. ಅದು ಇನ್ನೊಂದು ಕ್ವಿನ್ಸಿನ ಬೀಜ. ಯುನಾನಿಯವರು ನೀರಿನಲ್ಲಿ ನೆನೆಸಿ, ಲೋಳೆ ಬಿಟ್ಟ ಮೇಲೆ ಕೆಮ್ಮಿಗೆ ಕೊಡುತ್ತಾರೆ.